ದವಡೆ ಹಲ್ಲು: ಕೀಳಿಸಲಾ, ರೂಟ್ ಕೆನಾಲ್ ಮಾಡಿಸಲಾ? (ನೋವು ಈಗ ಇಲ್ಲ)

ಮಂಡಿಲೆಕ್ಕ, ಕೋಲಾರ

ನಮಸ್ಕಾರ ಎಲ್ಲರಿಗೂ. ಹಲ್ಲಿನ ವಿಷಯ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನನಗೆ 43 ವರ್ಷ. ಎಪಿಎಂಸಿ ಟೊಮ್ಯಾಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಕತ್ತಲಲ್ಲಿ ಮನೆ ಬಿಟ್ಟರೆ ಮಧ್ಯಾಹ್ನದವರೆಗೆ ಟೀ ಮೇಲೆ ಟೀ. ಶುಗರ್ ಬಂದು ಎರಡು ವರ್ಷ ಆಯ್ತು, ಮಾತ್ರೆ ತಗೊಳ್ಳುತ್ತೇನೆ, ಆದರೆ ಟೀಗೆ ಸಕ್ಕರೆ ಇನ್ನೂ ಬಿಟ್ಟಿಲ್ಲ. ಅದಕ್ಕೆ ಬೈಯೋದಿದ್ದರೆ ಕೊನೆಯಲ್ಲಿ ಬೈಯಿರಿ.

ಕೆಳಗಡೆ ಬಲಗಡೆ, ಕೊನೆಯಿಂದ ಎರಡನೇ ಹಲ್ಲಲ್ಲಿ ಒಂದು ವರ್ಷದಿಂದ ಗುಳಿ ಇತ್ತು. ಊಟ ಆದ ಮೇಲೆ ಅನ್ನದ ಅಗುಳು ಸಿಕ್ಕಿಕೊಳ್ಳುತ್ತಿತ್ತು, ಕಡ್ಡಿಯಲ್ಲಿ ಕೆದಕಿ ತೆಗೆಯುತ್ತಿದ್ದೆ, ಅಷ್ಟೇ. ಹೋದ ತಿಂಗಳು ಒಂದು ರಾತ್ರಿ ಶುರುವಾಯ್ತು ನೋಡಿ. ಮಲಗಿದರೆ ಜಾಸ್ತಿ, ಎದ್ದು ಕೂತರೆ ಸ್ವಲ್ಪ ಕಡಿಮೆ. ಕಿವಿ, ತಲೆ, ಕತ್ತು ಎಲ್ಲ ಸೇರಿ ನೋವು, ಯಾವ ಹಲ್ಲು ಅಂತಲೇ ಗೊತ್ತಾಗುತ್ತಿರಲಿಲ್ಲ. ಬಿಸಿ ಟೀ ಕುಡಿದರೆ ಜೀವ ಹೋಗುತ್ತಿತ್ತು. ಮಡಕೆ ನೀರು ಬಾಯಲ್ಲಿ ಹಿಡಿದರೆ ಮಾತ್ರ ತಕ್ಷಣ ಆರಾಮ. ಆ ನೀರು ಬಾಯಲ್ಲೇ ಬೆಚ್ಚಗಾದರೆ ಮತ್ತೆ ನೋವು. ಹಾಸಿಗೆ ಪಕ್ಕ ಒಂದು ಚೊಂಬು ನೀರು, ಒಂದು ಬಕೆಟ್ ಇಟ್ಟುಕೊಂಡು ಮೂರು ರಾತ್ರಿ ಮುಕ್ಕಳಿಸುತ್ತಾ ಕೂತಿದ್ದೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ನೋವಿನ ಮಾತ್ರೆ, ಆಂಟಿಬಯೋಟಿಕ್ ತಗೊಂಡೆ. ಎಂಟನೇ ದಿನಕ್ಕೆ ನೋವು ತಾನಾಗಿಯೇ ಹೋಯ್ತು. ಈಗ ಬಿಸಿ ಇಲ್ಲ ತಣ್ಣಗೆ ಇಲ್ಲ, ಏನು ಕುಡಿದರೂ ಏನೂ ಆಗಲ್ಲ.

ಮನೆಯಾಕೆ ಬಿಡಲಿಲ್ಲ ಅಂತ ಎರಡು ಕಡೆ ತೋರಿಸಿದೆ. ಒಂದು ಕಡೆ ರೂಟ್ ಕೆನಾಲ್ 4,500, ಮೇಲೆ ಕ್ಯಾಪ್ 5,000 ಅಂದರು. ಇನ್ನೊಂದು ಕಡೆ ಎಕ್ಸ್‌ರೇ ಕೂಡ ತೆಗೆಯದೆ 'ಕಿತ್ತು ಬಿಸಾಕೋಣ, 800 ಕೊಡಿ' ಅಂದರು. ಅಮ್ಮ ಬೇರೆ, ದವಡೆ ಹಲ್ಲು ಕಿತ್ತರೆ ಕಣ್ಣಿನ ನರ ಹೋಗುತ್ತೆ ಅಂತ ಹಿಡಿದುಕೊಂಡಿದ್ದಾರೆ.

ನೋವೇ ಇಲ್ಲದ ಹಲ್ಲಿಗೆ ಒಂಬತ್ತೂವರೆ ಸಾವಿರ ಯಾಕೆ ಅಂತ ನನ್ನ ಪ್ರಶ್ನೆ. ಸುಮ್ನೆ ಬಿಟ್ಟರೆ ಏನಾಗುತ್ತೆ? ಇನ್ನೊಂದು, ಮೊದಲನೇ ಡಾಕ್ಟರ್ ಕ್ಲೀನಿಂಗ್ ಕೂಡ ಮಾಡಿಸಿ ಅಂದರು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ ಅಂತಾರಲ್ಲ, ನಿಜವಾ?

ಹುರಿಗಡಲೆ

ಕೀಳಿಸಿ ಅಣ್ಣ. ನಾನು ಮೂರು ಕೀಳಿಸಿದ್ದೇನೆ, ಕಣ್ಣೂ ಚೆನ್ನಾಗಿದೆ, ಜೇಬೂ ಚೆನ್ನಾಗಿದೆ. ಮುದ್ದೆ ನುಂಗೋಕೆ ಹಲ್ಲು ಯಾಕೆ ಬೇಕು?

ಮಾಲೂರಿನವಳು

ಹುರಿಗಡಲೆ ಅಂತ ಹೆಸರಿಟ್ಟುಕೊಂಡು ಹಲ್ಲು ಬೇಡ ಅಂತೀರಲ್ಲ.

ನಾನು ಕೀಳಿಸಿದವಳೇ, ಅದಕ್ಕೇ ಬರೀತಿದ್ದೇನೆ. ಆರು ವರ್ಷದ ಹಿಂದೆ, ನಿಮ್ಮದೇ ಜಾಗದ ಹಲ್ಲು, ಎಡಗಡೆ. ಆಗ ಮಗಳ ಸ್ಕೂಲ್ ಫೀಸ್ ಕಟ್ಟಬೇಕಿತ್ತು, ಕೀಳಿಸಿಬಿಡೋಣ, ಆಮೇಲೆ ಕಟ್ಟಿಸಿದರಾಯ್ತು ಅಂದುಕೊಂಡೆ. ಆ 'ಆಮೇಲೆ' ಬರಲೇ ಇಲ್ಲ. ಒಂದೆರಡು ವರ್ಷ ಏನೂ ಗೊತ್ತಾಗಲಿಲ್ಲ. ಆಮೇಲೆ ಹಿಂದಿನ ಹಲ್ಲು ಖಾಲಿ ಜಾಗದ ಕಡೆ ವಾಲಿಕೊಂಡು ಬಂತು, ಅದರ ಸಂದಿಯಲ್ಲಿ ದಿನಾ ಊಟ ಸಿಕ್ಕಿಕೊಳ್ಳೋದು. ಮೇಲಿನ ಹಲ್ಲಿಗೆ ಕೆಳಗೆ ಒತ್ತೋಕೆ ಯಾರೂ ಇಲ್ಲ ಅಂತ ಅದು ನಿಧಾನಕ್ಕೆ ಕೆಳಗೆ ಇಳಿದಿದೆ, ನಾಲಿಗೆಗೆ ಗೊತ್ತಾಗುತ್ತೆ. ಅಗಿಯೋದೆಲ್ಲ ಬಲಗಡೆಯೇ ಆಗಿ ಆ ಕಡೆ ಹಲ್ಲು ಸವೆದಿದೆ.

ಈಗ ಕಟ್ಟಿಸೋಕೆ ಹೋದರೆ, ಬ್ರಿಡ್ಜ್, ಅಂದರೆ ಅಕ್ಕಪಕ್ಕದ ಹಲ್ಲಿಗೆ ಹಿಡಿಸುವ ಕಟ್ಟುಹಲ್ಲು, ಹಾಕಬೇಕೆಂದರೆ ಆ ಎರಡು ಹಲ್ಲನ್ನು ಕೊರೆಯಬೇಕು. ಇಂಪ್ಲಾಂಟ್, ಅಂದರೆ ಮೂಳೆಗೆ ಸ್ಕ್ರೂ ಹಾಕಿ ಮೇಲೆ ಹಲ್ಲು ಕೂರಿಸೋದು, ಹಾಕೋಣ ಅಂದರೆ ವಾಲಿದ ಹಲ್ಲಿನಿಂದ ಜಾಗ ಸಾಲಲ್ಲ, ಮೊದಲು ಅದನ್ನು ನೆಟ್ಟಗೆ ಮಾಡಬೇಕು ಅಂತಾರೆ. ಇಂಪ್ಲಾಂಟ್ ಸ್ಕ್ರೂ ಮೂಳೆಗೆ ಹಿಡಿಯೋಕೇ ಮೂರರಿಂದ ಆರು ತಿಂಗಳು ಬೇಕಂತೆ. ಖರ್ಚು ಹೇಳಿದಾಗ ನಾನು ಅಲ್ಲೇ ಕುರ್ಚಿ ಮೇಲೆ ಎದ್ದು ಕೂತೆ. 800 ರೂಪಾಯಿ ಅನ್ನೋದು ಕೀಳೋ ರೇಟು ಅಷ್ಟೇ, ಖಾಲಿ ಜಾಗದ ರೇಟು ಬೇರೆ.

ಹಲ್ಲುಡಾಕ್ಟರಮ್ಮ, ಮುಳಬಾಗಿಲು

ನಾನು ದಂತವೈದ್ಯೆ. ಬಾಯಿ ನೋಡದೆ, ಎಕ್ಸ್‌ರೇ ನೋಡದೆ ಇದನ್ನೇ ಮಾಡಿಸಿ ಅಂತ ಹೇಳೋಕಾಗಲ್ಲ. ಆದರೆ ನೀವು ಬರೆದಿರೋದರಲ್ಲಿ ಒಂದು ಮಾತು ಬಹಳ ಮುಖ್ಯ. ಬಿಸಿಗೆ ನೋವು, ತಣ್ಣೀರಿಗೆ ಆರಾಮ. ಇದನ್ನು ಯಾರಾದರೂ ಹೇಳಿದರೆ ನಮಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತೆ. ಹಲ್ಲೊಳಗಿನ ನರ ಸಾಯುವ ಹಂತದಲ್ಲಿ ಹೀಗೆ ಆಗುತ್ತೆ. ಅಲ್ಲಿಂದ ಅದು ವಾಪಸ್ ಚೇತರಿಸಿಕೊಳ್ಳಲ್ಲ.

ಎಂಟನೇ ದಿನಕ್ಕೆ ನೋವು ಹೋಯ್ತು ಅಂದಿರಲ್ಲ, ಅದು ವಾಸಿ ಆಗಿದ್ದಲ್ಲ. ನರ ಸತ್ತುಹೋಗಿದೆ, ಅದಕ್ಕೇ ಬಿಸಿನೂ ಇಲ್ಲ ತಣ್ಣಗೂ ಇಲ್ಲ. ಕಳ್ಳ ಮನೆಯೊಳಗೇ ಇದ್ದಾನೆ, ಬೊಗಳುತ್ತಿದ್ದ ನಾಯಿ ಸತ್ತಿದೆ. ಕೀಟಾಣು ಬೇರಿನ ತುದಿಯಿಂದ ಹೊರಗೆ ಬಂದು ಸುತ್ತಲಿನ ಮೂಳೆಯನ್ನು ನಿಧಾನಕ್ಕೆ ಕರಗಿಸುತ್ತೆ. ಎಕ್ಸ್‌ರೇಯಲ್ಲಿ ಬೇರಿನ ಬುಡದಲ್ಲಿ ಕಪ್ಪು ಮಚ್ಚೆ ಥರ ಕಾಣುವುದು ಅದೇ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಸುಮ್ಮನಿರುತ್ತೆ. ಆಮೇಲೆ ಒಂದು ದಿನ, ಸಾಮಾನ್ಯವಾಗಿ ಹಬ್ಬದ ದಿನ ಅಥವಾ ಭಾನುವಾರ ರಾತ್ರಿ, ಕೆನ್ನೆ ಊದಿಕೊಂಡು ಬರುತ್ತಾರೆ. ಶುಗರ್ ಇರುವವರಿಗೆ ಸೋಂಕು ಬೇಗ ಹರಡಬಹುದು, ಅದಕ್ಕೆ ನೀವು ಕಾಯುವುದು ಇನ್ನೂ ಬೇಡ. ಗದ್ದದ ಕೆಳಗೆ ಊದಿ ಗಟ್ಟಿಯಾದರೆ, ಎಂಜಲು ನುಂಗೋಕೆ ಕಷ್ಟ ಆದರೆ, ಉಸಿರಾಡೋಕೆ ತೊಂದರೆ ಆದರೆ, ಜ್ವರ ಬಂದರೆ ಹಲ್ಲಿನ ಕ್ಲಿನಿಕ್ ಬಾಗಿಲು ತೆಗೆಯಲಿ ಅಂತ ಕಾಯಬೇಡಿ. ಸೀದಾ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಆ ಊತ ಕತ್ತಿನೊಳಗೆ ಇಳಿದರೆ ಉಸಿರಿನ ದಾರಿಯನ್ನೇ ಮುಚ್ಚಬಹುದು.

ಆಂಟಿಬಯೋಟಿಕ್ ಯಾಕೆ ಸಾಲಲ್ಲ ಅಂದರೆ, ಮಾತ್ರೆ ರಕ್ತದಲ್ಲಿ ಹೋಗಬೇಕು. ಸತ್ತ ನರಕ್ಕೆ ರಕ್ತ ಹೋಗಲ್ಲ. ಒಳಗಿರೋದನ್ನು ಕೈಯಿಂದಲೇ ತೆಗೆಯಬೇಕು. ರೂಟ್ ಕೆನಾಲ್ ಅಂದರೆ ಅಷ್ಟೇ: ಹಲ್ಲಿನ ಮೇಲಿಂದ ತೂತು ಮಾಡಿ, ಬೇರಿನೊಳಗಿನ ಕಾಲುವೆಗಳನ್ನು ಸೂಜಿಯಂಥ ಫೈಲ್‌ನಿಂದ ಉಜ್ಜಿ, ಔಷಧಿ ನೀರಿನಲ್ಲಿ ತೊಳೆದು, ಒಣಗಿಸಿ, ರಬ್ಬರಿನಂಥ ವಸ್ತು ತುಂಬಿ ಮುಚ್ಚುವುದು. ಕೆಳಗಿನ ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು ಕಾಲುವೆ, ಕೆಲವರಿಗೆ ನಾಲ್ಕು. ಒಂದೇ ಸಿಟ್ಟಿಂಗ್‌ನಲ್ಲೂ ಮುಗಿಯಬಹುದು, ಎರಡು ಮೂರೂ ಆಗಬಹುದು. 'ತುಂಬಾ ನೋವಂತೆ' ಅನ್ನೋ ಹೆಸರು ಯಾಕೆ ಬಂತು ಅಂದರೆ ಜನ ನೋವು ಉರಿಯುತ್ತಿರುವಾಗ ಬರುತ್ತಾರೆ, ಸೋಂಕು ಜೋರಾಗಿರುವ ಜಾಗದಲ್ಲಿ ಮರಗಟ್ಟುವ ಇಂಜೆಕ್ಷನ್ ಸರಿಯಾಗಿ ಹಿಡಿಯಲ್ಲ. ಸುಮ್ಮನಿರುವಾಗ ಮಾಡಿಸಿದರೆ ನಿಮಗೂ ಸುಲಭ, ನಮಗೂ ಸುಲಭ.

ಹಾಗಂತ ಕೀಳುವುದು ತಪ್ಪು ಅಂತಲ್ಲ. ಹಲ್ಲು ವಸಡಿನ ಒಳಗಿನವರೆಗೆ ಸೀಳಿದ್ದರೆ, ಕ್ಯಾಪ್ ಹಿಡಿದುಕೊಳ್ಳೋಕೆ ಗೋಡೆಯೇ ಉಳಿದಿಲ್ಲದಿದ್ದರೆ, ವಸಡು ರೋಗದಿಂದ ಅಲ್ಲಾಡುತ್ತಿದ್ದರೆ ನಾನೇ ಕೀಳುತ್ತೇನೆ. ಎಲ್ಲಕ್ಕಿಂತ ಹಿಂದಿನ ಬುದ್ಧಿ ಹಲ್ಲು ಪದೇ ಪದೇ ತೊಂದರೆ ಕೊಡುತ್ತಿದ್ದರೂ ಅಷ್ಟೇ. ನೀವು ಎಕ್ಸ್‌ರೇ ಹಿಡಿದು ಡಾಕ್ಟರನ್ನು ಕೇಳಬೇಕಾದ್ದು ಒಂದೇ ಪ್ರಶ್ನೆ: ಈ ಹಲ್ಲಲ್ಲಿ ಕ್ಯಾಪ್ ನಿಲ್ಲುವಷ್ಟು ಗೋಡೆ ಇದೆಯಾ? ಎಕ್ಸ್‌ರೇ ಇಲ್ಲದೆ ಕೀಳೋಣ ಅಂದವರ ಬಗ್ಗೆ ನಾನು ಏನೂ ಹೇಳಲ್ಲ.

ಅಮ್ಮನಿಗೆ ಹೇಳಿ, ಹಲ್ಲಿನ ನರ ಬೇರೆ, ಕಣ್ಣು ಕಾಣುವ ನರ ಬೇರೆ. ವಯಸ್ಸಾದಾಗ ಹಲ್ಲೂ ಹೋಗುತ್ತೆ, ದೃಷ್ಟಿಯೂ ಮಂಜಾಗುತ್ತೆ. ಎರಡೂ ಒಟ್ಟಿಗೆ ಆಗೋದರಿಂದ ಒಂದಕ್ಕೊಂದು ಗಂಟು ಹಾಕಿದ್ದಾರೆ ಅಂತ ಕಾಣುತ್ತೆ.

ಕ್ಲೀನಿಂಗ್ ಬಗ್ಗೆ. ಬೇಲಿ ಕಂಬದ ಬುಡದಲ್ಲಿ ಮಣ್ಣು ಕೊಚ್ಚಿಹೋಗಿ ಆ ಜಾಗದಲ್ಲಿ ಕಸ ಗಟ್ಟಿಯಾಗಿ ಕೂತಿದೆ ಅಂತಿಟ್ಟುಕೊಳ್ಳಿ. ಕಸ ತೆಗೆದರೆ ಕಂಬ ಅಲ್ಲಾಡಿದ ಹಾಗೆ ಅನಿಸುತ್ತೆ. ಕಂಬ ಸಡಿಲ ಆಗಿದ್ದು ಮಣ್ಣು ಹೋದಾಗ, ಕಸ ತೆಗೆದಾಗ ಅಲ್ಲ. ಹಲ್ಲಿನ ಪಾಚಿ ಗಟ್ಟಿಯಾಗಿ ಕಲ್ಲಿನ ಥರ ಕೂತ ಮೇಲೆ ಬ್ರಶ್‌ಗೆ ಬರಲ್ಲ, ಅದರ ಕೆಳಗೆ ವಸಡೂ ಮೂಳೆಯೂ ಇಳಿಯುತ್ತಾ ಹೋಗುತ್ತೆ. ತೆಗೆದ ಮೇಲೆ ನಾಲ್ಕು ದಿನ ಜುಮ್ ಅನ್ನುತ್ತೆ, ಸಂದಿ ಖಾಲಿ ಖಾಲಿ ಅನಿಸುತ್ತೆ, ಅಷ್ಟೇ. ಶುಗರ್ ಇರುವವರಿಗೆ ಇದು ಇನ್ನೂ ಮುಖ್ಯ. ಶುಗರ್ ಏರಿದರೆ ವಸಡು ಹಾಳಾಗುತ್ತೆ, ವಸಡು ಹಾಳಾದರೆ ಶುಗರ್ ಹತೋಟಿಗೆ ಬರೋಕೆ ಸತಾಯಿಸುತ್ತೆ.

ಹೋಗುವ ದಿನ ಬೆಳಗಿನ ಹೊತ್ತು ಟೈಮ್ ತಗೊಳ್ಳಿ. ತಿಂಡಿ ತಿಂದು, ಶುಗರ್ ಮಾತ್ರೆ ತಗೊಂಡೇ ಹೋಗಿ. ಖಾಲಿ ಹೊಟ್ಟೆಯಲ್ಲಿ ಬಂದು ಕುರ್ಚಿಯಲ್ಲಿ ಬೆವರಿ ತಲೆ ಸುತ್ತಿ ಬೀಳುವವರು ತುಂಬಾ ಜನ. ರಕ್ತ ತೆಳು ಮಾಡುವ ಮಾತ್ರೆ ಏನಾದರೂ ಇದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಕ್ಯಾಪ್ ಹಾಕಿಸದವನು

ಡಾಕ್ಟರಮ್ಮ ಹೇಳಿದ್ದಕ್ಕೆ ನನ್ನದೊಂದು ಬಾಲಂಗೋಚಿ. ರೂಟ್ ಕೆನಾಲ್ ಮಾಡಿಸಿ ನೋವು ಹೋಯ್ತು ಅಂತ ಕ್ಯಾಪ್ ಮುಂದೂಡಬೇಡಿ. ನಾನು ಮುಂದೂಡಿದೆ. 'ಆಯ್ತಲ್ಲ ತುಂಬಿದ್ದಾರಲ್ಲ, ಇನ್ನೇನು' ಅಂತ. ಹತ್ತು ತಿಂಗಳು ಚೆನ್ನಾಗೇ ಇತ್ತು. ಬಂಗಾರಪೇಟೆಯಲ್ಲಿ ಅಕ್ಕನ ಮನೆ ಗೃಹಪ್ರವೇಶ, ನಿಪ್ಪಟ್ಟು ಕಡಿದೆ. 'ಟಕ್' ಅಂತ ಶಬ್ದ ನನ್ನ ತಲೆಯೊಳಗೇ ಕೇಳಿಸಿತು. ನಿಪ್ಪಟ್ಟಿನ ಶಬ್ದ ಅಂದುಕೊಂಡು ಅಗಿದುಬಿಟ್ಟೆ. ನಾಲಿಗೆ ಹಾಕಿದರೆ ಹಲ್ಲು ಎರಡು ಭಾಗ, ಒಂದು ಭಾಗ ಬಾಗಿಲ ಥರ ಅಲ್ಲಾಡುತ್ತಿದೆ. ಬೇರಿನ ತನಕ ಸೀಳಿತ್ತು. ಕೀಳಲೇಬೇಕಾಯ್ತು. ರೂಟ್ ಕೆನಾಲ್ ದುಡ್ಡೂ ಹೋಯ್ತು, ಹಲ್ಲೂ ಹೋಯ್ತು.

ರೂಟ್ ಕೆನಾಲ್ ಆಗುವಷ್ಟರಲ್ಲಿ ಹುಳುಕು ಅರ್ಧ ಹಲ್ಲು ತಿಂದಿರುತ್ತೆ, ಒಳಗೆ ತೂತು ಬೇರೆ ಕೊರೆದಿರುತ್ತಾರೆ, ಉಳಿದಿರೋ ಗೋಡೆ ತೆಳು ಅಂತ ಆಮೇಲೆ ಹೇಳಿದರು. ಮೊದಲೇ ಹೇಳಿದ್ದರಂತೆ, ನನಗೆ ಕೇಳಿಸಿಲ್ಲ.

ಹುರಿಗಡಲೆ

ಎಲ್ಲರೂ ಸೇರಿ ಹೆದರಿಸ್ತಿದ್ದೀರಿ. ದಿನಗೂಲಿಯವನು ಒಂಬತ್ತೂವರೆ ಸಾವಿರ ಎಲ್ಲಿಂದ ತರ್ತಾನೆ? ನನಗೆ ಕೀಳಿಸೋಕೆ ಇಷ್ಟ ಇತ್ತಾ? ಡಾಕ್ಟರಮ್ಮ, ಅದಕ್ಕೆ ಉತ್ತರ ಕೊಡಿ.

ಹಲ್ಲುಡಾಕ್ಟರಮ್ಮ, ಮುಳಬಾಗಿಲು

ನ್ಯಾಯವಾದ ಪ್ರಶ್ನೆ. ಕೀಳಿಸಿದವರೆಲ್ಲ ತಿಳಿಯದೆ ಕೀಳಿಸಿದ್ದಲ್ಲ, ಅದು ನನಗೂ ಗೊತ್ತು.

ಕೆಜಿಎಫ್‌ನ ಬೆಮೆಲ್ ನಗರದಲ್ಲಿ ಡೆಂಟಲ್ ಕಾಲೇಜು ಇದೆ. ತುಮಕೂರು ಕಡೆಯವರಿಗೆ ಅಗಳಕೋಟೆಯಲ್ಲಿ ಸಿದ್ಧಾರ್ಥ ಡೆಂಟಲ್ ಕಾಲೇಜು. ಬೆಂಗಳೂರಿನಲ್ಲಿ ಕೋಟೆ ಹತ್ತಿರ, ವಿಕ್ಟೋರಿಯಾ ಆಸ್ಪತ್ರೆ ಪಕ್ಕದಲ್ಲಿ ಸರ್ಕಾರಿ ದಂತ ಕಾಲೇಜು. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮಾಡುತ್ತಾರೆ, ಮೇಷ್ಟ್ರು ನಿಂತು ನೋಡುತ್ತಾರೆ. ಸಾಮಾನ್ಯವಾಗಿ ಹೊರಗಡೆಗಿಂತ ಕಡಿಮೆ ಖರ್ಚು. ಬದಲಿಗೆ ಕೊಡಬೇಕಾದ್ದು ಟೈಮ್. ಹೊರಗೆ ಒಂದು ಗಂಟೆಯ ಕೆಲಸಕ್ಕೆ ಅಲ್ಲಿ ಅರ್ಧ ದಿನ, ಮೂರು ನಾಲ್ಕು ಸಲ ಹೋಗಬೇಕು. ಕೂಲಿಗೆ ಹೋಗುವವರಿಗೆ ಅದೂ ಖರ್ಚೇ, ಒಪ್ಪುತ್ತೇನೆ. ಜಿಲ್ಲಾ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳಲ್ಲೂ ಹಲ್ಲಿನ ವಿಭಾಗ ಇರುತ್ತೆ, ಮೊದಲು ಅಲ್ಲಿ ತೋರಿಸಿ. ಮನೆಯಲ್ಲಿ ಹಲ್ಲೆಲ್ಲ ಬಿದ್ದುಹೋಗಿರುವ ಹಿರಿಯರಿದ್ದರೆ, ಬಿಪಿಎಲ್ ಕಾರ್ಡ್ ಇದ್ದರೆ, ಸರ್ಕಾರದ ದಂತ ಭಾಗ್ಯ ಯೋಜನೆಯ ಹಲ್ಲಿನ ಸೆಟ್ ಬಗ್ಗೆಯೂ ಅಲ್ಲೇ ವಿಚಾರಿಸಿ.

ಕ್ಯಾಪ್‌ನಲ್ಲಿ ಎಲ್ಲರಿಗೂ ಹಲ್ಲಿನ ಬಣ್ಣದ ಜಿರ್ಕೋನಿಯಾ ಬೇಕಿಲ್ಲ. ಹಿಂದಿನ ಹಲ್ಲು, ನಕ್ಕರೂ ಕಾಣಲ್ಲ. ಬೆಳ್ಳಿ ಬಣ್ಣದ ಮೆಟಲ್ ಕ್ಯಾಪ್ ಕಡಿಮೆ ಬೆಲೆಗೆ ಸಿಗುತ್ತೆ, ಹಲ್ಲನ್ನು ಕೊರೆಯೋದೂ ಕಡಿಮೆ, ಗಟ್ಟಿಯಾಗಿ ಬಾಳುತ್ತೆ. ಚೆಂದ ಅಲ್ಲ ಅಂತ ಕೆಲವು ಕಡೆ ಅದರ ಹೆಸರೇ ಎತ್ತಲ್ಲ. ನೀವೇ ಕೇಳಿ.

ಇನ್ನೊಂದು. ಗುಳಿ ಸಣ್ಣದಿದ್ದಾಗ ಸಿಮೆಂಟು ತುಂಬಿಸಿದ್ದರೆ ಈ ಖರ್ಚಿನ ಸಣ್ಣ ಪಾಲಿನಲ್ಲಿ ಮುಗಿಯುತ್ತಿತ್ತು. ಸಣ್ಣ ಗುಳಿ ನೋಯಲ್ಲ, ಅದೇ ಅದರ ತೊಂದರೆ.

ಶ್ರೀನಿವಾಸಪುರ ಮಾವು

ಹುಳುಕು ಅಂದ ತಕ್ಷಣ ನೆನಪಾಯ್ತು. ನಮ್ಮಜ್ಜಿ ಇದನ್ನು ತೆಲುಗಲ್ಲಿ ಪಿಪ್ಪಿ ಪನ್ನು ಅಂತಿದ್ದರು. ನಾನು ಚಿಕ್ಕವನಿದ್ದಾಗ ಹಲ್ಲಿನ ಹುಳ ತೆಗೆಯುವ ಹೆಂಗಸರು ಊರಿಗೆ ಬರುತ್ತಿದ್ದರು. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಮೇಲೆ ಕೊಳವೆ ಇಟ್ಟು ಹೊಗೆಯನ್ನು ಅಜ್ಜಿಯ ಬಾಯಿಗೆ ಬಿಟ್ಟರು. ಆಮೇಲೆ ಹಿತ್ತಾಳೆ ತಟ್ಟೆಯ ನೀರಲ್ಲಿ ಬಿಳಿ ಬಿಳಿ ಎಳೆ ತೋರಿಸಿ ನೋಡಿ ಹುಳ ಅಂದರು. ನಾವು ಮಕ್ಕಳೆಲ್ಲ ಮುಗಿಬಿದ್ದು ನೋಡಿದೆವು. ಒಂದೂ ಅಲ್ಲಾಡಲಿಲ್ಲ. ಅದು ಬೀಜದೊಳಗಿನ ಮೊಳಕೆ ಅಂತ ಆಮೇಲೆ ಗೊತ್ತಾಯ್ತು. ಅಜ್ಜಿಗೆ ಅವತ್ತು ನೋವು ಕಡಿಮೆ ಆಗಿದ್ದು ನಿಜ. ಎರಡು ಸೇರು ರಾಗಿ ಕೊಟ್ಟು ಕಳಿಸಿದರು, ವಾರಕ್ಕೆ ಕೆನ್ನೆ ಊದಿತು.

ನನ್ನ ಪ್ರಶ್ನೆ ಬೇರೆ. ನನಗೂ ನನ್ನ ಅಣ್ಣನಿಗೂ ಮುಂದಿನ ಹಲ್ಲೆಲ್ಲ ಹಳದಿ, ಮಧ್ಯೆ ಮಧ್ಯೆ ಕಂದು ಪಟ್ಟೆ. ಊರಿನ ಬೋರ್‌ವೆಲ್ ನೀರು ಕುಡಿದು ಬೆಳೆದವರು. ಕ್ಲೀನಿಂಗ್‌ನಲ್ಲಿ ಹೋಗುತ್ತಾ? ಮತ್ತೆ ಫ್ಲೋರೈಡ್ ಇರೋ ಪೇಸ್ಟ್ ನಾವು ಬಳಸಬಾರದು ಅಲ್ವಾ?

ಹಲ್ಲುಡಾಕ್ಟರಮ್ಮ, ಮುಳಬಾಗಿಲು

ಇದು ನಮ್ಮ ಕಡೆಯ ದೊಡ್ಡ ಕಥೆ. ನನ್ನ ಹತ್ತಿರ ಬರುವವರಲ್ಲಿ ಊರ ಹೆಸರು ಕೇಳೋ ಮೊದಲೇ ಹಲ್ಲು ನೋಡಿ ಯಾವ ಕಡೆಯವರು ಅಂತ ಅಂದಾಜು ಮಾಡಬಹುದು. ಶ್ರೀನಿವಾಸಪುರ, ಮುಳಬಾಗಿಲು, ಬಾಗೇಪಲ್ಲಿ, ಅತ್ತ ಪಾವಗಡ, ಎಲ್ಲ ಕಡೆ ಬಂಡೆಯೊಳಗಿನ ಫ್ಲೋರೈಡ್ ನೀರಿಗೆ ಇಳಿಯುತ್ತೆ. ಒಂದು ಲೀಟರ್ ನೀರಲ್ಲಿ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರೇ ಸಿಗದಿದ್ದರೆ ಹೆಚ್ಚೆಂದರೆ 1.5 ಅಂತ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ. ಇಲ್ಲಿನ ಎಷ್ಟೋ ಬೋರ್‌ವೆಲ್‌ನಲ್ಲಿ ಅದಕ್ಕಿಂತ ಜಾಸ್ತಿ.

ಪಟ್ಟೆ ಬಂದಿದ್ದು ನೀವು ಚಿಕ್ಕವರಿದ್ದಾಗ. ದವಡೆಯೊಳಗೆ ಹಲ್ಲು ರೂಪ ತಗೊಳ್ಳುವ ಕಾಲದಲ್ಲಿ, ಸುಮಾರು ಎಂಟು ವರ್ಷದ ಒಳಗೆ, ಆ ನೀರು ಕುಡಿದರೆ ಹೊಳಪಿನ ಪದರವೇ ಸರಿಯಾಗಿ ಕಟ್ಟಲ್ಲ. ಬಣ್ಣ ಮೇಲೆ ಅಂಟಿದ್ದಲ್ಲ, ಒಳಗೇ ಸೇರಿಹೋಗಿದೆ. ಅದಕ್ಕೆ ಕ್ಲೀನಿಂಗ್‌ನಲ್ಲಿ ಹೋಗಲ್ಲ, ನಿಂಬೆಹಣ್ಣು ಉಪ್ಪು ಹಾಕಿ ಉಜ್ಜಿದರಂತೂ ಇರೋ ಪದರವೂ ಹೋಗುತ್ತೆ. ಇದ್ದಿಲು, ಇಟ್ಟಿಗೆ ಪುಡಿ, ಕೆಂಪು ಹಲ್ಲುಪುಡಿ, ಎಲ್ಲಕ್ಕೂ ಅದೇ ಮಾತು. ಮಚ್ಚೆ ಮೇಲ್ಪದರದಲ್ಲಿದ್ದರೆ ನಾವು ತೆಳುವಾಗಿ ಉಜ್ಜಿ ತೆಗೆಯಬಹುದು, ಬ್ಲೀಚಿಂಗ್ ಸೇರಿಸಬಹುದು. ಆಳವಾಗಿದ್ದರೆ ಮುಂದೆ ಹಲ್ಲಿನ ಬಣ್ಣದ ಸಿಮೆಂಟು ಕೂರಿಸಬೇಕು, ಇಲ್ಲ ವಿನೀರ್, ಅಂದರೆ ಹಲ್ಲಿನ ಮುಂದೆ ಅಂಟಿಸುವ ತೆಳು ಹೊದಿಕೆ. ತೊಂದರೆ ಕೊಡದಿದ್ದರೆ ಹಾಗೇ ಬಿಡಬಹುದು, ಅದು ರೋಗ ಅಂತ ನಾಚಿಕೆ ಪಡೋ ವಿಷಯ ಅಲ್ಲ. ಹೆಣ್ಣು ನೋಡೋಕೆ ಬರ್ತಾರೆ ಅಂತ ವಾರದ ಮುಂಚೆ ಹುಡುಗೀರನ್ನು ಕರ್ಕೊಂಡು ಬರ್ತಾರೆ, ಆಗ ನನಗೇ ಕೋಪ ಬರುತ್ತೆ. ನೀರು ಕೊಟ್ಟವರನ್ನು ಯಾರೂ ಕೇಳಲ್ಲ.

ಪೇಸ್ಟ್ ವಿಷಯದಲ್ಲಿ ನೀವು ಅಂದುಕೊಂಡಿರೋದು ಉಲ್ಟಾ. ದೊಡ್ಡವರು ಫ್ಲೋರೈಡ್ ಪೇಸ್ಟೇ ಬಳಸಿ. ಅದು ಮೇಲಿಂದ ಹಲ್ಲಿಗೆ ತಗುಲಿ ಹುಳುಕು ತಡೆಯುತ್ತೆ, ಉಗಿದುಬಿಡ್ತೀರಿ. ತೊಂದರೆ ಇರೋದು ದಿನಾ ಹೊಟ್ಟೆಗೆ ಇಳಿಯೋ ನೀರಲ್ಲಿ. ಅದು ವರ್ಷಗಟ್ಟಲೆ ಹೋದರೆ ದೊಡ್ಡವರಿಗೂ ಮೂಳೆ, ಕೀಲು ಹಿಡಿಯುತ್ತೆ. ಅದಕ್ಕೆ ಕುಡಿಯೋಕೂ ಅಡುಗೆಗೂ ಶುದ್ಧ ನೀರಿನ ಘಟಕದ ನೀರು ತನ್ನಿ. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತೆ. ತುಂಬಾ ಜನ ಘಟಕದ ನೀರನ್ನು ಕುಡಿಯೋಕೆ ಮಾತ್ರ ಇಟ್ಟುಕೊಂಡು ಸಾರಿಗೆ ಬೋರ್ ನೀರು ಹಾಕುತ್ತಾರೆ. ಹೊಟ್ಟೆಗೆ ಹೋಗೋದು ಎರಡೂ ಅಲ್ವಾ?

ಮಾಲೂರಿನವಳು

ಮಂಡಿಲೆಕ್ಕ ಅವರೇ, ಅಮ್ಮನ ಬಗ್ಗೆ ಬರೆದಿದ್ದಿರಲ್ಲ, ಅವರು ಎಲೆ ಅಡಿಕೆ ಕಡ್ಡಿಪುಡಿ ಹಾಕ್ತಾರಾ? ಹಾಕ್ತಾರೆ ಅಂದರೆ ನೀವು ಹೋಗುವಾಗ ಅವರನ್ನೂ ಕರ್ಕೊಂಡು ಹೋಗಿ, ಸುಮ್ನೆ ಬಾಯಿ ತೋರಿಸಿ. ನಮ್ಮತ್ತೆಗೆ ಕೆನ್ನೆ ಒಳಗೆ ಬಿಳಿ ಕಲೆ ಇತ್ತು, ನೋವಿಲ್ಲ ಅಂತ ಯಾರಿಗೂ ಹೇಳಿರಲಿಲ್ಲ.

ಮಂಡಿಲೆಕ್ಕ, ಕೋಲಾರ

ಹನ್ನೆರಡು ದಿನ ಆದ ಮೇಲೆ ಬರೀತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ಮೊದಲನೇ ಡಾಕ್ಟರ್ ಹತ್ತಿರವೇ ಹೋದೆ. ಡಾಕ್ಟರಮ್ಮ ಹೇಳಿಕೊಟ್ಟ ಪ್ರಶ್ನೆ ಕೇಳಿದೆ, ಗೋಡೆ ಇದೆಯಾ ಅಂತ. ಅವರು ಒಂದು ಸಲ ನನ್ನ ಮುಖ ನೋಡಿ, ಎಕ್ಸ್‌ರೇ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದರು. ನಾಲ್ಕು ಗೋಡೆಯಲ್ಲಿ ಮೂರು ಚೆನ್ನಾಗಿವೆ. ಬೇರಿನ ತುದಿಯಲ್ಲಿ ಕಪ್ಪು ಮಚ್ಚೆ, ಕಡಲೆಕಾಳಿನಷ್ಟು. ಒಂದು ತಿಂಗಳಿಂದ 'ಆರಾಮಾಗಿದ್ದೇನೆ' ಅಂತ ಓಡಾಡಿಕೊಂಡಿದ್ದೆನಲ್ಲ, ಅದನ್ನು ನೋಡಿ ಹೊಟ್ಟೆಯಲ್ಲಿ ಒಂಥರಾ ಆಯ್ತು.

ಇಂಜೆಕ್ಷನ್ ಚುಚ್ಚಿದಾಗ ಇರುವೆ ಕಚ್ಚಿದಷ್ಟು. ಆಮೇಲೆ ಎರಡು ನಿಮಿಷ ಎದೆ ಡವಡವ ಅಂದಿತು, ಅದು ಇಂಜೆಕ್ಷನ್ ಔಷಧಿಯಿಂದ, ಹೆದರಬೇಡಿ ಅಂದರು. ತುಟಿ ಅರ್ಧ ಮಾಯ. ಫೈಲ್ ಅಂದಾಗ ನಾನು ಮಂಡಿ ಫೈಲ್ ಅಂದುಕೊಂಡಿದ್ದೆ, ನೋಡಿದರೆ ನಮ್ಮನೆ ಹೊಲಿಗೆ ಸೂಜಿಗಿಂತ ಸಣ್ಣ. ಅದನ್ನು ಬೆರಳ ತುದಿಯಲ್ಲಿ ತಿರುಗಿಸುತ್ತಾ ಮುಕ್ಕಾಲು ಗಂಟೆ. ನೋವು ಸೊನ್ನೆ. ಬಾಯಿ ತೆರೆದು ತೆರೆದು ದವಡೆ ಕೀಲು ನೋಯ್ತು, ಅದು ಬೇರೆ. ಹೊರಗೆ ಬಂದ ತಕ್ಷಣ ಮಂಡಿಯಿಂದ ಫೋನ್, 15 ಕೆಜಿ ಬಾಕ್ಸ್ ರೇಟು ಏನು ಬರೆದಿದ್ದೀರಿ ಅಂತ. ನಾನ್ನೂರು ಅಂತ ಮೂರು ಸಲ ಹೇಳಿದೆ, ಆ ಕಡೆಯವನಿಗೆ ನೂರು ಅಂತ ಕೇಳಿಸಿ ಅಲ್ಲಿ ದೊಡ್ಡ ಗಲಾಟೆ. ಮರಗಟ್ಟಿದ್ದು ಇಳಿಯೋಕೆ ಮೂರು ಗಂಟೆ ಬೇಕಾಯ್ತು. ಅಲ್ಲಿಯವರೆಗೆ ಏನೂ ತಿನ್ನಬೇಡಿ, ಕೆನ್ನೆ ಕಚ್ಚಿಕೊಂಡುಬಿಡ್ತೀರಿ ಅಂದಿದ್ದರು. ಎರಡು ದಿನ ಅಗಿದರೆ ಸ್ವಲ್ಪ ನೋವಿತ್ತು. ಆ ಎರಡು ದಿನ ಮುದ್ದೆ, ಹುರಿಗಡಲೆ ಹೇಳಿದ್ದರಲ್ಲಿ ಅದೊಂದು ಸರಿ.

ಎರಡನೇ ಸಿಟ್ಟಿಂಗ್ ನಿನ್ನೆ ಮುಗೀತು, ಮೂರು ಕಾಲುವೆ ತುಂಬಿದ್ದಾರೆ. ಮೆಟಲ್ ಕ್ಯಾಪ್ ಇದೆಯಾ ಅಂತ ನಾನೇ ಕೇಳಿದೆ, ಇದೆ, 2,500 ಅಂದರು. ಕೇಳದಿದ್ದರೆ ಹೇಳುತ್ತಿರಲಿಲ್ಲ. ಟೀಗೆ ಸಕ್ಕರೆ ಒಂದು ಚಮಚಕ್ಕೆ ಇಳಿದಿದೆ, ಪೂರ್ತಿ ಅಲ್ಲ.

ಅಮ್ಮನನ್ನು ಕರ್ಕೊಂಡು ಹೋಗಿದ್ದೆ. ಎಡ ಕೆನ್ನೆಯೊಳಗೆ, ಅವರು ಯಾವಾಗಲೂ ಕಡ್ಡಿಪುಡಿ ಇಟ್ಟುಕೊಳ್ಳುವ ಜಾಗದಲ್ಲೇ, ಬೆರಳ ಉಗುರಿನಷ್ಟು ಬಿಳಿ ಕಲೆ. ಉಜ್ಜಿದರೆ ಹೋಗಲಿಲ್ಲ. ಕಡ್ಡಿಪುಡಿ ನಿಲ್ಲಿಸಿ ಎರಡು ವಾರ ಬಿಟ್ಟು ಬನ್ನಿ, ಆಗಲೂ ಹಾಗೇ ಇದ್ದರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಅಂದರು. ಅಡಿಕೆಯೂ ಬಿಡಬೇಕು, ಬರೀ ಅಡಿಕೆಯಿಂದಲೂ ಬಾಯಿ ಕ್ಯಾನ್ಸರ್ ಬರುತ್ತೆ ಅಂತಲೂ ಹೇಳಿದರು. ಅಮ್ಮ ಅಲ್ಲಿ ಏನೂ ಮಾತಾಡಲಿಲ್ಲ. ವಾಪಸ್ ಬರೋವಾಗ ಆಟೋದಲ್ಲಿ ಸೊಂಟದ ಚೀಲ ಬಿಚ್ಚಿ ಕಡ್ಡಿಪುಡಿ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟರು. ಎಲೆ ಅಡಿಕೆ ಮಾತ್ರ ಕೇಳಬೇಡ ಅಂದರು. ಅದರ ಜಗಳ ಮನೆಯಲ್ಲಿ ಇನ್ನೂ ನಡೀತಿದೆ. ಗುರುವಾರ ನನಗೆ ಕ್ಯಾಪ್ ಅಳತೆ, ಅದಾದ ಮುಂದಿನ ಸೋಮವಾರ ಅಮ್ಮನದು.